ಹಳೆಯ ಗೇಮಿಂಗ್ ಕಂಪ್ಯೂಟರಿನ ನವೀಕರಣ ಮತ್ತು ಲೆಕ್ಕಪತ್ರಗಳಿಗೊಂದು ಗೃಹ ಸರ್ವರ್

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸವಾಗಿದ್ದು, ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ ಸಣ್ಣ ಘಟಕವನ್ನೋ ಜಯನಗರ 4ನೆಯ ಬ್ಲಾಕಿನಲ್ಲಿ ಮಳಿಗೆಯನ್ನೋ ನಡೆಸುವ ಕುಟುಂಬಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಂಪ್ಯೂಟರುಗಳು ಕಂಡುಬರುತ್ತವೆ. ಒಂದು, ಲೆಕ್ಕ ಬರೆಯುವವರ ಮೇಜಿನ ಮೇಲಿರುವ ಅಗ್ಗದ ಯಂತ್ರ. ಇನ್ನೊಂದು, ಮಗನೋ ಮಗಳೋ ಹಟ ಹಿಡಿದು ಕೊಡಿಸಿಕೊಂಡ ಗೇಮಿಂಗ್ ಕಂಪ್ಯೂಟರ್. ಮನೆತನದ ಅತ್ಯಂತ ಶಕ್ತಿಶಾಲಿ ಯಂತ್ರವು ಆಟಕ್ಕೂ, ಅತ್ಯಂತ ದುರ್ಬಲ ಯಂತ್ರವು ಕಿರ್ದಿ ಖಾತೆಗೂ ಮೀಸಲಾಗಿರುವುದು ವಿಚಿತ್ರವಾದರೂ ಸತ್ಯ.

2016ರಿಂದ 2018ರ ಅವಧಿಯಲ್ಲಿ ಖರೀದಿಸಲಾದ ಗೇಮಿಂಗ್ ಕಂಪ್ಯೂಟರುಗಳಿಗೆ ಈಗ ಒಮ್ಮೆಗೇ ವಯಸ್ಸಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಗಿಯಿತು. ವೈಯಕ್ತಿಕ ಬಳಕೆದಾರರಿಗೆಂದು ಘೋಷಿಸಿದ ವಿಸ್ತರಿತ ಸುರಕ್ಷತಾ ಸೌಲಭ್ಯಕ್ಕೆ ಅಂದು ನಿಗದಿಪಡಿಸಿದ ಅವಧಿ 13 ಅಕ್ಟೋಬರ್ 2026ರವರೆಗೆ ಮಾತ್ರ. ಇಂಟೆಲ್‌ನ 6 ಮತ್ತು 7ನೆಯ ಪೀಳಿಗೆಯ ಸಾಮಾನ್ಯ ಪ್ರೊಸೆಸರುಗಳು ಹಾಗೂ ಎಎಂಡಿ ರೈಜನ್ 1000 ಶ್ರೇಣಿಯವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆ ಕಾಲದಲ್ಲಿ ಜನಪ್ರಿಯವಾಗಿದ್ದ ಎನ್‌ವಿಡಿಯಾ ಜಿಟಿಎಕ್ಸ್ 1060ರಂತಹ ಗ್ರಾಫಿಕ್ಸ್ ಕಾರ್ಡುಗಳಿಗೂ ಹೊಸ ಆಟಗಳಿಗೆ ತಕ್ಕ ಡ್ರೈವರ್ ಬಿಡುಗಡೆ 2025ರ ಅಕ್ಟೋಬರಿಗೆ ನಿಂತಿತು. ಹೀಗಾಗಿ ನವೀಕರಣದ ಬೇಡಿಕೆ ಮನೆಯೊಳಗಿನಿಂದಲೇ ಏಳುತ್ತಿದೆ. ಎಸ್.ಪಿ. ರಸ್ತೆಯ ಅಂಗಡಿಯವರು ಹಳೆಯ ಭಾಗಗಳಿಗೆ ಹೇಳುವ ಬೆಲೆ ಕೇಳಿದ ಮೇಲೆ ಅವು ಬಹುಮಟ್ಟಿಗೆ ಅಟ್ಟ ಸೇರುತ್ತವೆ.

ಆ ಹಳೆಯ ಭಾಗಗಳಿಂದ ಸಂಸ್ಥೆಯ ಲೆಕ್ಕಪತ್ರಗಳ ಎರಡನೆಯ ಪ್ರತಿಯನ್ನು ಕಾಯ್ದಿಡುವ ಸರ್ವರ್ ಒಂದನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದು. ಇದರಿಂದ ಉಳಿತಾಯವಾಗುತ್ತದೆಂಬುದು ಎರಡನೆಯ ಮಾತು. ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಕಾನೂನು ನಿರೀಕ್ಷಿಸುವ ಎರಡನೆಯ ಪ್ರತಿಯೇ ಇಲ್ಲವೆಂಬುದು ಮೊದಲನೆಯದು.

ಕಾನೂನಿನ ನಿರೀಕ್ಷೆ

ಬ್ಯಾಕಪ್ ಎಂಬುದು ದೊಡ್ಡ ಕಂಪನಿಗಳ ಚಿಂತೆಯೆಂದು ಭಾವಿಸಿರುವ ವರ್ತಕರು ಅನೇಕರಿದ್ದಾರೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೆಯ ನಿಯಮವು ಬೇರೆಯದನ್ನೇ ಹೇಳುತ್ತದೆ. ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟಿರುವವರು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಅವು ನಾಶವಾದಲ್ಲಿ ಸಮಂಜಸ ಕಾಲಾವಧಿಯೊಳಗೆ ಮಾಹಿತಿಯನ್ನು ಪುನಃ ಪಡೆಯಲು ಸಾಧ್ಯವಾಗುವ ರೀತಿಯಲ್ಲಿ ಬ್ಯಾಕಪ್ ಕಾಪಾಡಿಕೊಳ್ಳತಕ್ಕದ್ದು. ವಹಿವಾಟು ಇಷ್ಟು ಮೀರಿದವರಿಗೆ ಮಾತ್ರ ಎಂಬ ಮಿತಿ ಇಲ್ಲಿಲ್ಲ. 56ನೆಯ ನಿಯಮದ ಪ್ರಕಾರ ವಿದ್ಯುನ್ಮಾನ ಪುಸ್ತಕಗಳಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯೂ ಉಳಿದಿರಬೇಕು. ಕಾಯ್ದೆಯ 36ನೆಯ ಪ್ರಕರಣದಂತೆ ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಇವನ್ನೆಲ್ಲ ಸಂರಕ್ಷಿಸಬೇಕು. 2023-24ನೆಯ ಸಾಲಿನ ವಾರ್ಷಿಕ ವಿವರಪತ್ರಕ್ಕೆ 31 ಡಿಸೆಂಬರ್ 2024 ಕೊನೆಯ ದಿನವಾಗಿತ್ತು. ಅಂದರೆ ಆ ಸಾಲಿನ ಪುಸ್ತಕಗಳು 2030ರ ಡಿಸೆಂಬರ್ ಅಂತ್ಯದವರೆಗೆ ಓದಲು ಬರುವ ಸ್ಥಿತಿಯಲ್ಲಿರಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದರೆ ಅವಧಿ ಇನ್ನೂ ಮುಂದೆ ಹೋಗಬಹುದು.

ಒಂದು ಹಾರ್ಡ್ ಡಿಸ್ಕ್ ಅಷ್ಟು ಕಾಲ ಬಾಳುತ್ತದೆಂದು ಅದರ ತಯಾರಕರೂ ಭರವಸೆ ಕೊಡುವುದಿಲ್ಲ. ಸಾಮಾನ್ಯ ಡಿಸ್ಕುಗಳ ವಾರಂಟಿಯೇ ಎರಡು ಮೂರು ವರ್ಷ.

ಪ್ರೈವೇಟ್ ಲಿಮಿಟೆಡ್ ರೂಪದಲ್ಲಿ ನಡೆಯುವ ಘಟಕಗಳಿಗೆ ಹೊಣೆ ಇನ್ನೂ ಹೆಚ್ಚು. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ಕ್ಕೆ 2022ರ ಆಗಸ್ಟಿನಲ್ಲಿ ಮಾಡಲಾದ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗೆ ಭೌತಿಕವಾಗಿ ಇರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸತಕ್ಕದ್ದು. ಅದಕ್ಕೆ ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. 1 ಏಪ್ರಿಲ್ 2023ರಿಂದ ಆರಂಭವಾದ ಆರ್ಥಿಕ ವರ್ಷದಿಂದ, ತಿದ್ದುಪಡಿಗಳ ಜಾಡನ್ನು ದಿನಾಂಕ ಸಹಿತ ದಾಖಲಿಸುವ ಮತ್ತು ಆ ಸೌಲಭ್ಯವನ್ನು ನಿಲ್ಲಿಸಲು ಬಾರದ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕಾಗಿದೆ. ಬೆಂಗಳೂರಿನದೇ ಆದ ಟ್ಯಾಲಿ ಪ್ರೈಮ್ ಈ ಸೌಲಭ್ಯವನ್ನು ಎಡಿಟ್ ಲಾಗ್ ಎಂಬ ಹೆಸರಿನಲ್ಲಿ ಒದಗಿಸಿದೆ. ಪುಸ್ತಕಗಳ ಸಂರಕ್ಷಣೆಯ ಅವಧಿ ಕಂಪನಿಗಳಿಗೆ ಎಂಟು ಆರ್ಥಿಕ ವರ್ಷ.

ಸರ್ವರ್ ಯಾರ ಒಡೆತನದ್ದಾಗಿರಬೇಕು, ಯಾವ ಕಟ್ಟಡದಲ್ಲಿರಬೇಕು ಎಂದು ಈ ನಿಯಮ ಹೇಳುವುದಿಲ್ಲ. ಜಯನಗರದ ಮನೆಯ ಕೋಣೆಯೂ ಭಾರತದೊಳಗೇ ಇದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಜಿ.ಎಸ್.ಟಿ. ಕಾನೂನಿನಂತೆ ಪುಸ್ತಕಗಳು ಇರಬೇಕಾದುದು ನೋಂದಣಿಯಲ್ಲಿ ನಮೂದಿಸಿದ ವ್ಯವಹಾರದ ಸ್ಥಳದಲ್ಲಿ. ವಿದ್ಯುನ್ಮಾನ ಸಾಧನದಲ್ಲಿರುವ ದತ್ತಾಂಶಕ್ಕೂ ಈ ಮಾತು ಅನ್ವಯಿಸುತ್ತದೆ. ಆದಕಾರಣ ಮೂಲ ಪುಸ್ತಕ ಸಾರಕ್ಕಿಯ ಕಚೇರಿಯ ಯಂತ್ರದಲ್ಲಿಯೇ ಉಳಿದು, ಮನೆಯ ಸರ್ವರಿನಲ್ಲಿ ಪ್ರತಿ ಮಾತ್ರ ಇರಬೇಕು. ಮನೆಯ ಸರ್ವರನ್ನೇ ಮೂಲವಾಗಿಸಿಕೊಂಡು ಕಚೇರಿಯಿಂದ ದೂರಸಂಪರ್ಕದ ಮೂಲಕ ನಮೂದು ಮಾಡುವ ಪದ್ಧತಿಯನ್ನು ಕೆಲವು ಉತ್ಸಾಹಿಗಳು ಸೂಚಿಸುತ್ತಾರೆ. ಅಧಿಕಾರಿಗಳು ತಪಾಸಣೆಗೆ ಬಂದ ದಿನ ಇಂಟರ್‌ನೆಟ್ ಕೈಕೊಟ್ಟರೆ ತೋರಿಸಲು ಏನೂ ಇರುವುದಿಲ್ಲ.

ಯಾವ ಯಂತ್ರದಿಂದ ಸರ್ವರ್ ಹುಟ್ಟುತ್ತದೆ

ಉದಾಹರಣೆಗಾಗಿ 2017ರ ಒಂದು ಯಂತ್ರವನ್ನು ಊಹಿಸಿಕೊಳ್ಳಬಹುದು: ಇಂಟೆಲ್ ಐ5-7400 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ್‍ಯಾಮ್, ಜಿಟಿಎಕ್ಸ್ 1060 ಕಾರ್ಡ್, 256 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್. ಇದರ ಮದರ್‌ಬೋರ್ಡಿನಲ್ಲಿ ಹೊಸ ಪೀಳಿಗೆಯ ಪ್ರೊಸೆಸರ್ ಕೂರುವುದಿಲ್ಲ. 8ನೆಯ ಪೀಳಿಗೆಯ ಪ್ರೊಸೆಸರಿಗೆ ಸಾಕೆಟ್ಟಿನ ಹೆಸರು ಬಹುಮಟ್ಟಿಗೆ ಅದೇ ಆದರೂ ಅದಕ್ಕೆ ಬೇರೆ ಚಿಪ್‌ಸೆಟ್ಟಿನ ಬೋರ್ಡ್ ಬೇಕು. ಆದ್ದರಿಂದ ಬೋರ್ಡ್, ಪ್ರೊಸೆಸರ್ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ, ಹಳೆಯ ಜೋಡಿ ಇಡಿಯಾಗಿ ಕೈಗೆ ಉಳಿಯುತ್ತದೆ.

ಎಎಂಡಿಯ ಎಎಂ4 ಸಾಕೆಟ್ಟಿನ ಯಂತ್ರದ ಕಥೆ ಬೇರೆ. 2018ರ ಬಿ450 ಬೋರ್ಡುಗಳಲ್ಲಿ ಅನೇಕವು ಬಯಾಸ್ ನವೀಕರಣದ ನಂತರ ರೈಜನ್ 5000 ಶ್ರೇಣಿಯ ಪ್ರೊಸೆಸರನ್ನು ಸ್ವೀಕರಿಸುತ್ತವೆ. ರ್‍ಯಾಮ್ ಕೂಡ ಅದೇ ಸಾಕು. ಇಲ್ಲಿ ನವೀಕರಣದ ವೆಚ್ಚ ಕಡಿಮೆ. ಆದರೆ ಉಳಿಯುವುದು ಒಂಟಿ ಪ್ರೊಸೆಸರ್ ಮಾತ್ರ, ಅದರಿಂದ ಸರ್ವರ್ ಆಗುವುದಿಲ್ಲ. ಅದಕ್ಕಾಗಿ ಹಳೆಯ ಬೋರ್ಡನ್ನು ಹುಡುಕಿ ಕೊಳ್ಳುವುದು ನಷ್ಟದ ವ್ಯವಹಾರ. ಅಂಥವರು ಪ್ರೊಸೆಸರನ್ನು ಮಾರಿ, ಬ್ಯಾಕಪ್ಪಿಗೆ ಬೇರೆ ದಾರಿ ಹಿಡಿಯುವುದೇ ಲೇಸು. ನವೀಕರಣದ ದಾರಿ ಮುಚ್ಚಿರುವ ಯಂತ್ರವೇ ಸರ್ವರಿಗೆ ಹೆಚ್ಚು ಯೋಗ್ಯವೆಂಬುದು ಸ್ವಲ್ಪ ವಿರೋಧಾಭಾಸವೆನಿಸಿದರೂ ಲೆಕ್ಕ ಹಾಗೆಯೇ ಬರುತ್ತದೆ.

ರ್‍ಯಾಮ್ ವಿಷಯದಲ್ಲಿ ಯೋಚಿಸಿ ಹೆಜ್ಜೆಯಿಡಬೇಕು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಉತ್ತರಾರ್ಧದಿಂದ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಸಂಸ್ಥೆಯು ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ಮಾರಾಟದಿಂದ ಹಿಂದೆ ಸರಿಯುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೊಸ ಯಂತ್ರಕ್ಕೆ ಡಿಡಿಆರ್5 ಬೋರ್ಡ್ ಆಯ್ದರೆ ಹಳೆಯ ಡಿಡಿಆರ್4 ಅದರಲ್ಲಿ ಕೂರುವುದಿಲ್ಲ, ಹೊಸ ರ್‍ಯಾಮಿಗೆ ಪೂರ್ತಿ ಹಣ ತೆರಬೇಕು. ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯ ಪ್ರೊಸೆಸರುಗಳಿಗೆ ಡಿಡಿಆರ್4 ಬೋರ್ಡುಗಳೂ ದೊರೆಯುತ್ತವೆ. ಅದನ್ನು ಆಯ್ದು ಹಳೆಯ 16 ಜಿಬಿಯನ್ನು ಅಲ್ಲಿಗೆ ಒಯ್ದರೆ ಸರ್ವರಿಗೆ ಕೇವಲ 4 ಅಥವಾ 8 ಜಿಬಿಯ ಒಂದು ಹಳೆಯ ಪಟ್ಟಿ ಸಾಕು. ಕಡತಗಳನ್ನು ಕಾಯ್ದಿಡುವ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಡ. ಬಳಸಿದ ರ್‍ಯಾಮ್ ಕೊಳ್ಳುವಾಗ ಒಂದು ರಾತ್ರಿಯಿಡೀ ಮೆಮ್‌ಟೆಸ್ಟ್ ನಡೆಸಿ ನೋಡಿದ ಮೇಲೆಯೇ ನಂಬಬೇಕು. ದೋಷಯುಕ್ತ ರ್‍ಯಾಮ್ ಕಡತವನ್ನು ಸದ್ದಿಲ್ಲದೆ ಕೆಡಿಸುತ್ತದೆ, ಆ ಕೆಟ್ಟ ಕಡತವೇ ಬ್ಯಾಕಪ್ ಆಗಿ ಕುಳಿತುಬಿಡುತ್ತದೆ.

ಉಳಿಸಿಕೊಳ್ಳತಕ್ಕವು, ಬಿಡತಕ್ಕವು

ಕ್ಯಾಬಿನೆಟ್, ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಹಳೆಯ ಎಸ್‌ಎಸ್‌ಡಿ ನಿಶ್ಚಿಂತೆಯಿಂದ ಸರ್ವರಿಗೆ ಹೋಗಬಹುದು. ಎಸ್‌ಎಸ್‌ಡಿಯಲ್ಲಿ ಕಾರ್ಯಾಚರಣ ವ್ಯವಸ್ಥೆ ಮಾತ್ರ ಇರಲಿ. ಧೂಳು ಕೊಡವಿ, ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸತನ್ನು ಹಚ್ಚಬೇಕು. ಬೋರ್ಡಿನ ಮೇಲಿರುವ ಗುಂಡಿಯಾಕಾರದ ಸಿಆರ್2032 ಸೆಲ್ಲನ್ನು ತಪ್ಪದೆ ಬದಲಿಸಬೇಕು. ಅಂಗಡಿಯಲ್ಲಿ ಕೆಲವೇ ಹತ್ತು ರೂಪಾಯಿಗಳಿಗೆ ಸಿಗುವ ಈ ಸೆಲ್ ಸತ್ತರೆ ಪ್ರತಿ ಬಾರಿ ವಿದ್ಯುತ್ ಹೋಗಿ ಬಂದಾಗ ಯಂತ್ರದ ಗಡಿಯಾರ ಹಿಂದಕ್ಕೆ ಓಡುತ್ತದೆ. ಬ್ಯಾಕಪ್ ಯಾವ ದಿನದ್ದೆಂಬುದೇ ಸಾಕ್ಷ್ಯವಾಗಿರುವಾಗ ತಪ್ಪು ದಿನಾಂಕದ ಕಡತವು ಲೆಕ್ಕಪರಿಶೋಧಕರ ಮುಂದೆ ಮುಜುಗರವನ್ನಷ್ಟೇ ತರುತ್ತದೆ.

ಎಸ್‌ಎಂಪಿಎಸ್ ವಿಚಾರದಲ್ಲಿ ಜಿಪುಣತನ ಸಲ್ಲದು. ಎಂಟು ಬೇಸಿಗೆಗಳನ್ನು ಕಂಡ ಎಸ್‌ಎಂಪಿಎಸ್ಸಿನ ಕೆಪ್ಯಾಸಿಟರುಗಳು ಸೊರಗಿರುತ್ತವೆ, ಫ್ಯಾನ್ ಸವೆದಿರುತ್ತದೆ. ಅದು ಕೆಡುವಾಗ ಕೆಲವೊಮ್ಮೆ ತನ್ನೊಡನೆ ಡಿಸ್ಕುಗಳನ್ನೂ ಕೊಂಡೊಯ್ಯುತ್ತದೆ. ಒಳ್ಳೆಯ ತಯಾರಿಕೆಯ, ಕಡಿಮೆ ವ್ಯಾಟಿನ ಹೊಸದೊಂದನ್ನು ಬಿಲ್ ಸಹಿತ ಕೊಳ್ಳುವುದು ಸೂಕ್ತ.

ಹಳೆಯ 1 ಟಿಬಿ ಹಾರ್ಡ್ ಡಿಸ್ಕನ್ನು ಮುಖ್ಯ ಸಂಗ್ರಹವಾಗಿ ಬಳಸಲೇಬಾರದು. ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರುಗಳಲ್ಲಿ ‘ರೀಅಲೊಕೇಟೆಡ್’, ‘ಪೆಂಡಿಂಗ್’ ಸೆಕ್ಟರುಗಳ ಸಂಖ್ಯೆ ಸೊನ್ನೆಯಿದ್ದರೂ ವಯಸ್ಸು ವಯಸ್ಸೇ. ಹೊಸ ಡಿಸ್ಕುಗಳೆರಡನ್ನು ಕೊಂಡು, ಒಂದರ ಪ್ರತಿಬಿಂಬವನ್ನು ಮತ್ತೊಂದು ಇಟ್ಟುಕೊಳ್ಳುವಂತೆ ಜೋಡಿಸಬೇಕು. ಅತಿ ದೊಡ್ಡ ಡಿಸ್ಕಿಗೆ ಮನಸೋಲುವುದು ಸಹಜ. ಸಣ್ಣ ಘಟಕವೊಂದರ ಎಂಟು ವರ್ಷಗಳ ಟ್ಯಾಲಿ ದತ್ತಾಂಶ, ಸ್ಕ್ಯಾನ್ ಮಾಡಿದ ಬಿಲ್ಲುಗಳು, ಇ-ವೇ ಬಿಲ್ಲುಗಳು, ವಿನ್ಯಾಸ ನಕ್ಷೆಗಳು ಎಲ್ಲವೂ ಸೇರಿ ಸಾಮಾನ್ಯವಾಗಿ 2 ಟಿಬಿಯನ್ನು ತುಂಬುವುದಿಲ್ಲ. ತುಂಬುವುದು ಮನೆಯವರ ಮದುವೆ ವಿಡಿಯೋಗಳು. ಅವಕ್ಕೆ ಪ್ರತ್ಯೇಕ ವಿಭಾಗ ಮಾಡಿಕೊಟ್ಟು ಸಂಸ್ಥೆಯ ಕಡತಗಳಿಂದ ದೂರವಿಡುವುದು ಒಳಿತು.

ಗ್ರಾಫಿಕ್ಸ್ ಕಾರ್ಡನ್ನು ತೆಗೆದುಬಿಡಬೇಕು. ಐ5-7400ರಂತಹ ಪ್ರೊಸೆಸರಿನೊಳಗೇ ಪರದೆಗೆ ಬೇಕಾದಷ್ಟು ವ್ಯವಸ್ಥೆಯಿದೆ. ಆದರೆ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಹಾಗೂ ಎಎಂ4 ಕಾಲದ ‘ಜಿ’ ಇಲ್ಲದ ರೈಜನ್‌ಗಳಲ್ಲಿ ಈ ಸೌಲಭ್ಯವಿಲ್ಲ. ಅವುಗಳಿಗೆ ಯಾವುದಾದರೊಂದು ಹಳೆಯ ಸಣ್ಣ ಕಾರ್ಡ್ ಬೇಕಾಗುತ್ತದೆ.

ಬೆಸ್ಕಾಂ ಬಿಲ್ಲು

ಅಟ್ಟದಲ್ಲಿದ್ದ ಭಾಗಗಳಿಂದ ಮಾಡಿದ ಸರ್ವರ್ ಪುಕ್ಕಟೆಯೆಂಬ ಭಾವನೆ ತಪ್ಪು. ಗ್ರಾಫಿಕ್ಸ್ ಕಾರ್ಡ್ ಸಹಿತ ಇಂಥ ಯಂತ್ರ ಸುಮ್ಮನೆ ಚಾಲೂ ಇದ್ದಾಗ 60 ವ್ಯಾಟ್, ಕಾರ್ಡ್ ತೆಗೆದ ಮೇಲೆ 40 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ವರ್ಷವಿಡೀ ಹಗಲಿರುಳು ನಡೆಸಿದಾಗ ಕ್ರಮವಾಗಿ ಸುಮಾರು 526 ಮತ್ತು 350 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 7 ರೂಪಾಯಿಯೆಂದು ಅಂದಾಜಿಸಿದರೆ ವಾರ್ಷಿಕ ವೆಚ್ಚ ಸುಮಾರು 3,680 ಮತ್ತು 2,450 ರೂಪಾಯಿ. ಕಾರ್ಡ್ ತೆಗೆದಿಟ್ಟ ಒಂದೇ ಕ್ರಮದಿಂದ ವರ್ಷಕ್ಕೆ 1,200 ರೂಪಾಯಿಗೂ ಮಿಕ್ಕಿ ಉಳಿಯುತ್ತದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಮೀಟರಿನಿಂದ ನಿಜವಾದ ಅಂಕಿ ತಿಳಿಯಬಹುದು.

ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಗೃಹಬಳಕೆ ತಿಂಗಳಿಗೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. 40 ವ್ಯಾಟಿನ ಸರ್ವರ್ ತಿಂಗಳಿಗೆ ಸುಮಾರು 29 ಯೂನಿಟ್ ಸೇರಿಸುತ್ತದೆ. ತಿಂಗಳಿಗೆ 180 ಯೂನಿಟ್ ಬಳಸುತ್ತಿದ್ದ ಮನೆಯು ಈ ಒಂದು ಪೆಟ್ಟಿಗೆಯಿಂದಾಗಿ ಮಿತಿ ದಾಟಿ 209ಕ್ಕೆ ಹೋದರೆ, ಆ 29 ಯೂನಿಟ್ಟಿಗಲ್ಲ, ಎಲ್ಲ 209 ಯೂನಿಟ್ಟುಗಳಿಗೂ ಹಣ ತೆರಬೇಕು.

ಇದಕ್ಕೆ ಪರಿಹಾರ ಸರಳ. ಬ್ಯಾಕಪ್ ಸರ್ವರ್ ಹಗಲಿರುಳು ಎಚ್ಚರವಿರಬೇಕಾಗಿಲ್ಲ. ಬಹುತೇಕ ಬೋರ್ಡುಗಳ ಬಯಾಸ್‌ನಲ್ಲಿ ನಿಗದಿತ ಸಮಯಕ್ಕೆ ತಾನಾಗಿ ಚಾಲೂ ಆಗುವ ಆಯ್ಕೆಯಿರುತ್ತದೆ. ರಾತ್ರಿ 8 ಗಂಟೆಗೆ ಎದ್ದು ಪ್ರತಿ ತೆಗೆದುಕೊಂಡು 12 ಗಂಟೆಗೆ ತಾನೇ ಮಲಗುವಂತೆ ಏರ್ಪಡಿಸಿದರೆ ವರ್ಷದ ಬಳಕೆ 58 ಯೂನಿಟ್ಟಿಗೆ ಇಳಿಯುತ್ತದೆ. ಡಿಸ್ಕುಗಳಿಗೂ ಕಿವಿಗಳಿಗೂ ಅಷ್ಟೇ ನೆಮ್ಮದಿ. ಸಣ್ಣದೊಂದು ಯುಪಿಎಸ್ ಇರಲೇಬೇಕು, ಮಳೆಗಾಲದ ಸಂಜೆಗಳಲ್ಲಿ ವಿದ್ಯುತ್ ಹೋಗುವುದು ಸರಿಯಾಗಿ ಪ್ರತಿ ಇಳಿಯುತ್ತಿರುವಾಗಲೇ.

ಯಂತ್ರವನ್ನು ಇಡುವ ಜಾಗವೂ ಮುಖ್ಯ. 2025ರ ಮೇ ತಿಂಗಳ ಮಳೆಯಲ್ಲಿ ಸಿಲ್ಕ್ ಬೋರ್ಡ್ ಸುತ್ತಮುತ್ತ ಹಾಗೂ ಬಿ.ಟಿ.ಎಂ. ಬಡಾವಣೆಯ ತಗ್ಗು ಭಾಗಗಳಲ್ಲಿ ನೀರು ಕಟ್ಟಡಗಳ ನೆಲಮಾಳಿಗೆಗೆ ನುಗ್ಗಿದ್ದನ್ನು ಆ ಭಾಗದವರು ಮರೆತಿರಲಾರರು. ನೆಲದ ಮೇಲಿಟ್ಟ ಕ್ಯಾಬಿನೆಟ್ಟಿಗೆ ಒಂದು ಅಡಿ ನೀರೇ ಸಾಕು. ಮೊದಲ ಮಹಡಿಯ ಗಾಳಿಯಾಡುವ ಕಪಾಟಿನಲ್ಲಿ, ದೇವರ ಮನೆಯ ದೀಪ, ಧೂಪಗಳಿಂದ ದೂರವಾಗಿ ಇಡುವುದು ಕ್ಷೇಮ. ಮೂಲ ಸಾರಕ್ಕಿಯಲ್ಲಿ, ಪ್ರತಿ ಜಯನಗರದಲ್ಲಿ ಇದ್ದರೆ ಒಂದೇ ಬೆಂಕಿಗೆ, ಒಂದೇ ಪ್ರವಾಹಕ್ಕೆ, ಒಂದೇ ಕಳ್ಳತನಕ್ಕೆ ಎರಡೂ ಈಡಾಗುವ ಸಂಭವ ಕಡಿಮೆ.

ಪ್ರತಿ ತೆಗೆಯುವ ಕ್ರಮ

ಸರ್ವರಿಗೆ ವಿಂಡೋಸ್ ಬೇಕಾಗಿಲ್ಲ. ಡೆಬಿಯನ್ ಲಿನಕ್ಸ್ ಅಥವಾ ಅದರ ಮೇಲೆ ಕಟ್ಟಿದ ಓಪನ್‌ಮೀಡಿಯಾವಾಲ್ಟ್ ಉಚಿತವಾಗಿ ದೊರೆಯುತ್ತವೆ. ಪ್ರೊಸೆಸರಿನ ಪೀಳಿಗೆಯ ತಕರಾರೂ ಅವಕ್ಕಿಲ್ಲ. ಮನೆಯ ಹುಡುಗರಿಗೆ ಒಂದು ಭಾನುವಾರದ ಕೆಲಸ.

ಕಷ್ಟವಿರುವುದು ಯಂತ್ರದಲ್ಲಲ್ಲ, ಕ್ರಮದಲ್ಲಿ. ಮೊದಲನೆಯದಾಗಿ, ಪ್ರತಿಬಿಂಬವಾಗಿ ಜೋಡಿಸಿದ ಎರಡು ಡಿಸ್ಕುಗಳು ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ಅಷ್ಟೇ. ತಪ್ಪಿ ಅಳಿಸಿದ ಕಡತ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಎರಡಕ್ಕೂ ಬೀಗ ಬೀಳುತ್ತದೆ. ಆದ್ದರಿಂದ ಪ್ರತಿದಿನದ ಪ್ರತಿಯನ್ನು ಹಿಂದಿನ ದಿನದ್ದರ ಮೇಲೆ ಬರೆಯದೆ ದಿನಾಂಕದ ಹೆಸರಿನಲ್ಲಿ ಬೇರೆಯಾಗಿಡಬೇಕು. ಕನಿಷ್ಠ 30 ದಿನಗಳದ್ದು, ಪ್ರತಿ ತಿಂಗಳ ಕೊನೆಯದ್ದು, ಹಾಗೂ ಪ್ರತಿ ಮಾರ್ಚ್ 31ರದ್ದು ಉಳಿಯಬೇಕು.

ಎರಡನೆಯದಾಗಿ, ರೋಕಡ ನೋಡುವವನೇ ಖಾತೆ ಬರೆಯಬಾರದೆಂಬ ಹಳೆಯ ಅಂಗಡಿಯ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಕಚೇರಿಯ ಯಂತ್ರಕ್ಕೆ ಸರ್ವರಿನಲ್ಲಿ ಬರೆಯುವ, ಅಳಿಸುವ ಅಧಿಕಾರವಿರಬಾರದು. ಸರ್ವರೇ ಕಚೇರಿಯ ಯಂತ್ರದಿಂದ ಓದುವ ಅಧಿಕಾರ ಮಾತ್ರ ಪಡೆದು ಕಡತವನ್ನು ಎಳೆದುಕೊಳ್ಳಬೇಕು. ಹೀಗಿದ್ದರೆ ಕಚೇರಿಯ ಯಂತ್ರಕ್ಕೆ ಬಂದ ರೋಗವು ಸರ್ವರಿನಲ್ಲಿರುವ ನಿನ್ನೆಯ ಪ್ರತಿಯನ್ನು ಮುಟ್ಟಲಾರದು. ಅನೇಕ ಮನೆಗಳಲ್ಲಿ ಸರ್ವರನ್ನು ಕಚೇರಿಯ ಕಂಪ್ಯೂಟರಿನಲ್ಲಿ ‘ಝಡ್ ಡ್ರೈವ್’ ಎಂದು ಕಾಣುವಂತೆ ಶಾಶ್ವತವಾಗಿ ತೆರೆದಿಟ್ಟಿರುತ್ತಾರೆ. ಕಳ್ಳನಿಗೆ ತಿಜೋರಿಯ ದಾರಿಗೆ ಫಲಕ ಹಾಕಿಟ್ಟಂತೆ ಅದು.

ಎರಡು ಸ್ಥಳಗಳ ನಡುವಿನ ಸಂಪರ್ಕಕ್ಕೆ ರೂಟರಿನಲ್ಲಿ ಬಾಗಿಲು ತೆರೆಯುವ, ಅಂದರೆ ಪೋರ್ಟ್ ಫಾರ್ವರ್ಡಿಂಗ್ ಮಾಡುವ ಪದ್ಧತಿ ಅಪಾಯಕರ. ವೈರ್‌ಗಾರ್ಡ್ ಅಥವಾ ಅದನ್ನಾಧರಿಸಿದ ಟೇಲ್‌ಸ್ಕೇಲ್‌ನಂತಹ ಖಾಸಗಿ ಜಾಲದ ಮೂಲಕವೇ ಕಡತ ಸಾಗಬೇಕು. ಮೊದಲ ಪೂರ್ಣ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಕೈಯಲ್ಲಿ ಒಯ್ದರೆ, ನಂತರದ ದಿನಗಳಲ್ಲಿ ಬದಲಾದ ಭಾಗವಷ್ಟೇ ಕೆಲವು ನಿಮಿಷಗಳಲ್ಲಿ ಸಾಗುತ್ತದೆ. ಟ್ಯಾಲಿ ತೆರೆದಿರುವಾಗ ಅದರ ಕಡತಗಳನ್ನು ನಕಲಿಸಿದರೆ ಅರ್ಧ ಬರೆದ ನಮೂದುಗಳು ಸೇರಿ ಪ್ರತಿ ನಿರುಪಯುಕ್ತವಾಗಬಹುದು. ಸಂಜೆ ಲೆಕ್ಕ ಮುಚ್ಚಿ, ಟ್ಯಾಲಿಯಿಂದ ಹೊರಬಂದ ನಂತರವೇ ಪ್ರತಿ ಇಳಿಯುವಂತೆ ಸಮಯ ನಿಗದಿಯಾಗಬೇಕು. ಕಚೇರಿಯ ಯಂತ್ರವನ್ನು ಆರಿಸದೆ ಹೋಗುವಂತೆ ಲೆಕ್ಕದ ಗುಮಾಸ್ತರಿಗೆ ತಿಳಿಸಿಡುವುದನ್ನು ಮರೆತು, ತಿಂಗಳುಗಟ್ಟಲೆ ಖಾಲಿ ಪ್ರತಿ ತೆಗೆದ ಸರ್ವರುಗಳೂ ಇಲ್ಲದಿಲ್ಲ.

ಇದರ ಮೇಲೆ ಮೂರನೆಯ ಪ್ರತಿಯೊಂದು ತಂತಿಯಿಂದ ಬೇರ್ಪಟ್ಟು ಇರಬೇಕು. ವಾರಕ್ಕೊಮ್ಮೆ ಹೊರ ಡಿಸ್ಕಿಗೆ ನಕಲಿಸಿ ಕಪಾಟಿನಲ್ಲಿಟ್ಟರೆ ಸಾಕು. ಆರೋಗ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳೆಯ 1 ಟಿಬಿ ಡಿಸ್ಕಿಗೆ ಇಲ್ಲಿ ಹೆಚ್ಚುವರಿ ಪ್ರತಿಯಾಗಿ ಒಂದು ಕೆಲಸ ಸಿಗುತ್ತದೆ.

ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ತಾಳೆಪಟ್ಟಿಯ ಮೊತ್ತ, ಬ್ಯಾಂಕ್ ಶಿಲ್ಕು, ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ ಈ ಮೂರನ್ನು ಮೂಲದೊಂದಿಗೆ ಹೋಲಿಸಿ, ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಮಾಡಿಡಬೇಕು. ಕಂಪನಿಗಳ ಲೆಕ್ಕಪರಿಶೋಧಕರು ದೈನಿಕ ಬ್ಯಾಕಪ್ಪಿಗೆ ಪುರಾವೆ ಕೇಳಿದಾಗ ಸರ್ವರಿನ ದೈನಂದಿನ ಲಾಗ್ ಮತ್ತು ಈ ನೋಟ್‌ಬುಕ್ ಎರಡೂ ನೆರವಿಗೆ ಬರುತ್ತವೆ. 57ನೆಯ ನಿಯಮದ ‘ಸಮಂಜಸ ಕಾಲಾವಧಿ’ ಎಂಬ ಮಾತಿಗೆ ಉತ್ತರ ದೊರೆಯುವುದೂ ಇಂಥ ಪರೀಕ್ಷೆಯಿಂದಲೇ. ಪುನಃಸ್ಥಾಪನೆಗೆ ಒಂದು ಗಂಟೆ ಹಿಡಿಯಿತೋ ಒಂದು ವಾರವೋ ಎಂಬುದು ಮೊದಲೇ ಗೊತ್ತಿರುತ್ತದೆ.

ಯಾರ ಪುಸ್ತಕದಲ್ಲಿ, ಯಾವ ದರದಲ್ಲಿ

ಈ ವ್ಯವಹಾರದಲ್ಲಿ ಎರಡು ಖರೀದಿಗಳಿವೆ. ಅವುಗಳನ್ನು ಬೆರೆಸುವ ಮೋಹವೇ ಹೆಚ್ಚಿನ ತೊಡಕುಗಳ ಮೂಲ. ಮಗನ ಆಟದ ಯಂತ್ರಕ್ಕೆ ಕೊಂಡ ಹೊಸ ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ವೈಯಕ್ತಿಕ ವೆಚ್ಚ. ಅವುಗಳ ಮೇಲಿನ ಶೇ. 18ರ ಜಿ.ಎಸ್.ಟಿ.ಯನ್ನು ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಕೊಟ್ಟು ಬಿಲ್ ಮಾಡಿಸಿ ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯಲು ಬರುವುದಿಲ್ಲ. ವೈಯಕ್ತಿಕ ಉಪಭೋಗಕ್ಕೆ ಬಳಸಿದ ಸರಕಿಗೆ ಕಾಯ್ದೆಯ 17(5)ನೆಯ ಪ್ರಕರಣ ಜಮೆಯನ್ನು ನಿರಾಕರಿಸುತ್ತದೆ. ಪ್ರೆಸ್ ಟೂಲ್ ತಯಾರಿಸುವ ಘಟಕದ ಪುಸ್ತಕದಲ್ಲಿ ಆಟದ ಗ್ರಾಫಿಕ್ಸ್ ಕಾರ್ಡ್ ಕಂಡರೆ ಅಧಿಕಾರಿಯ ಕಣ್ಣು ಅಲ್ಲಿಯೇ ನಿಲ್ಲುತ್ತದೆ, ಆಮೇಲೆ ನ್ಯಾಯವಾದ ಬಿಲ್ಲುಗಳೂ ಅನುಮಾನಕ್ಕೆ ಒಳಗಾಗುತ್ತವೆ.

ಸರ್ವರಿಗೆಂದು ಕೊಂಡ ಹೊಸ ಡಿಸ್ಕುಗಳು, ಎಸ್‌ಎಂಪಿಎಸ್, ಯುಪಿಎಸ್ ಸಂಸ್ಥೆಯ ಕೆಲಸಕ್ಕೆ. ಅವುಗಳ ಬಿಲ್ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕವಾಗಿರಲಿ. ಜಮೆ ಪಡೆಯಬಹುದು, ಆದರೆ ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಡಿಯ ನಿಯಮಗಳಲ್ಲಿ ಕಂಪ್ಯೂಟರುಗಳಿಗೆ ಸವಕಳಿ ದರ ಶೇ. 40 ಎಂದು ನಿಗದಿಯಾಗಿತ್ತು, 180 ದಿನಗಳಿಗಿಂತ ಕಡಿಮೆ ಬಳಸಿದ ವರ್ಷದಲ್ಲಿ ಅದರ ಅರ್ಧ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 1 ಏಪ್ರಿಲ್ 2026 ಜಾರಿಯ ದಿನಾಂಕವಾಗಿರುವುದರಿಂದ, ಅದರ ನಂತರದ ಖರೀದಿಗಳಿಗೆ ಹೊಸ ನಿಯಮಗಳ ಪಟ್ಟಿಯನ್ನು ನೋಡಿ ನಮೂದಿಸತಕ್ಕದ್ದು. ಯುಪಿಎಸ್ ಕಂಪ್ಯೂಟರ್ ವರ್ಗಕ್ಕೆ ಸೇರುತ್ತದೆಯೇ, ಸಾಮಾನ್ಯ ಯಂತ್ರೋಪಕರಣಕ್ಕೆ ಸೇರುತ್ತದೆಯೇ ಎಂಬ ಬಗ್ಗೆ ವ್ಯಾಜ್ಯಗಳು ನಡೆದಿವೆ. ಈ ಮೊತ್ತಕ್ಕೆ ವ್ಯಾಜ್ಯ ಹೂಡುವುದಕ್ಕಿಂತ ಕಡಿಮೆ ದರ ಹಿಡಿದು ಸುಮ್ಮನಾಗುವುದು ವ್ಯವಹಾರಜ್ಞಾನ.

ಕಂಪನಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪುಗಳ ಉಪಯುಕ್ತ ಆಯುಸ್ಸು 3 ವರ್ಷ, ಸರ್ವರುಗಳದು 6 ವರ್ಷ. ಕಚೇರಿಯದೇ ಹಳೆಯ ಡೆಸ್ಕ್‌ಟಾಪ್ ಸರ್ವರಾಗಿ ಮಾರ್ಪಟ್ಟರೆ ಅದರ ಮೌಲ್ಯ ಆಗಲೇ ಬಹುಪಾಲು ಸವೆದಿರುತ್ತದೆ. ಹೊಸ ಭಾಗಗಳ ವೆಚ್ಚಕ್ಕಷ್ಟೇ ಆಯುಸ್ಸಿನ ನಿರ್ಣಯ ಬೇಕಾಗುತ್ತದೆ.

ಹಳೆಯ ಯಂತ್ರ ಮಗನ ಸ್ವಂತದ್ದಾಗಿದ್ದರೆ ಅದನ್ನು ಸಂಸ್ಥೆಗೆ ಉಚಿತವಾಗಿ ಬಳಸಲು ಬಿಡಬಹುದು, ಇಲ್ಲವೇ ನ್ಯಾಯವಾದ ಹಳೆಯ ಬೆಲೆಗೆ ವೋಚರ್ ಬರೆದು ಖರೀದಿಸಬಹುದು. ನೋಂದಣಿಯಿಲ್ಲದ ವ್ಯಕ್ತಿಯಿಂದ ಕೊಂಡದ್ದಕ್ಕೆ ಜಮೆಯ ಪ್ರಶ್ನೆ ಬರುವುದಿಲ್ಲ. ತಿರುಗುಮುರುಗಾಗಿ, ಜಮೆ ಪಡೆದು ಕೊಂಡಿದ್ದ ಸಂಸ್ಥೆಯ ಕಂಪ್ಯೂಟರನ್ನು ಮಾರುವಾಗ 18(6)ನೆಯ ಪ್ರಕರಣ ನೆನಪಿರಬೇಕು. ಪಡೆದ ಜಮೆಯಲ್ಲಿ ಪ್ರತಿ ತ್ರೈಮಾಸಿಕಕ್ಕೆ ಶೇಕಡಾ 5ರಂತೆ ಕಳೆದು ಉಳಿದ ಮೊತ್ತ, ಅಥವಾ ಮಾರಾಟದ ಬೆಲೆಯ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಐದು ವರ್ಷ ಕಳೆದ ಮೇಲೆ ಮೊದಲನೆಯದು ಸೊನ್ನೆಯಾಗಿ ಎರಡನೆಯದೇ ಉಳಿಯುತ್ತದೆ.

ಕೊನೆಗೆ ಉಳಿಯುವ ಭಾಗಗಳು

ಗ್ರಾಫಿಕ್ಸ್ ಕಾರ್ಡಿಗೆ ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ ಇನ್ನೂ ಬೆಲೆಯಿದೆ, ಬೇಗ ಮಾರಿದಷ್ಟೂ ಲಾಭ. ಹಳೆಯ ಎಸ್‌ಎಂಪಿಎಸ್, ಕೆಟ್ಟ ಡಿಸ್ಕುಗಳನ್ನು ಗುಜರಿಯವರಿಗೆ ಕೊಡಬಾರದು. 1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು, 2022ರ ಉದ್ದೇಶವೇ ಅವು ನೋಂದಾಯಿತ ಸಂಸ್ಕರಣಾ ಘಟಕಗಳನ್ನು ತಲುಪಬೇಕೆಂಬುದು. ದಾಬಸ್‌ಪೇಟೆಯ ಇ-ಪರಿಸರ ಘಟಕವು ದೇಶದಲ್ಲಿಯೇ ಮೊದಲು ಅಧಿಕೃತ ಅನುಮತಿ ಪಡೆದವುಗಳಲ್ಲೊಂದು. ಡಿಸ್ಕನ್ನು ಕೊಡುವ ಮೊದಲು ಅದರ ಮೇಲೆ ಪೂರ್ತಿಯಾಗಿ ಸೊನ್ನೆಗಳನ್ನು ಬರೆಸಬೇಕು. ಚಾಲೂ ಆಗದ ಡಿಸ್ಕಾದರೆ ಡ್ರಿಲ್ಲಿನಿಂದ ತಟ್ಟೆಗಳಿಗೆ ರಂಧ್ರ ಕೊರೆಯಬೇಕು, ಸಾರಕ್ಕಿಯ ಘಟಕಗಳಲ್ಲಿ ಡ್ರಿಲ್ಲಿಗೇನೂ ಬರವಿಲ್ಲ. ಅಳಿಸಿದೆನೆಂದುಕೊಂಡ ಡಿಸ್ಕಿನಲ್ಲಿ ಗಿರಾಕಿಗಳ ದರಪಟ್ಟಿ, ನೌಕರರ ಬ್ಯಾಂಕ್ ವಿವರ ಉಳಿದಿರುವುದು ಅಪರೂಪವಲ್ಲ.

ಸರ್ವರನ್ನು ಕಟ್ಟಿದ ಹುಡುಗ ಅಥವಾ ಹುಡುಗಿ ಮುಂದಿನ ವರ್ಷ ಓದಿಗೋ ಉದ್ಯೋಗಕ್ಕೋ ಬೇರೆ ದೇಶಕ್ಕೆ ಹೊರಡುವುದು ಈ ಬಡಾವಣೆಗಳಲ್ಲಿ ಸಾಮಾನ್ಯ ಸಂಗತಿ. ಪಾಸ್‌ವರ್ಡ್ ಅವರ ತಲೆಯಲ್ಲಷ್ಟೇ ಇದ್ದರೆ ಎಲ್ಲ ವ್ಯವಸ್ಥೆಯೂ ಅವರೊಂದಿಗೆ ವಿಮಾನ ಹತ್ತುತ್ತದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಪಾಸ್‌ವರ್ಡ್, ಬಳಸಿದ ಸಂಕೇತಗಳ ಅರ್ಥ ಇವನ್ನು ಒದಗಿಸುವುದು 57ನೆಯ ನಿಯಮದಂತೆ ನೋಂದಾಯಿತ ವ್ಯಕ್ತಿಯ ಹೊಣೆ, ಮಗನ ಹೊಣೆಯಲ್ಲ. ಸರ್ವರಿನ ಪಾಸ್‌ವರ್ಡ್, ಡಿಸ್ಕಿಗೆ ಗೂಢಲಿಪಿ ಹಾಕಿದ್ದರೆ ಅದರ ಕೀಲಿ, ಖಾಸಗಿ ಜಾಲದ ಖಾತೆಯ ವಿವರ, ಯಾವ ದಿನದ ಪ್ರತಿ ಯಾವ ಫೋಲ್ಡರಿನಲ್ಲಿದೆ ಎಂಬ ಸೂಚನೆ, ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ, ಲಕೋಟೆಗೆ ಮೊಹರು ಹಾಕಿ, ಬ್ಯಾಂಕ್ ಲಾಕರಿನಲ್ಲಿಡುವುದು ಉತ್ತಮ. ಪಾಸ್‌ವರ್ಡ್ ಬದಲಾದಾಗಲೆಲ್ಲ ಹೊಸ ಲಕೋಟೆಯಿಟ್ಟು ಹಳೆಯದನ್ನು ಹರಿದುಹಾಕಬೇಕು.